ಕೂಗುವ ಕುಕ್ಕರ್, ಕೂಗದ ಕುಕ್ಕರ್, ಅತ್ತೆಯ ಬಚ್ಚಲೊಲೆ

ಒಂದೂವರೆ ವರ್ಷದ ಹಿಂದೆ ಹುತ್ತರಿ ಹಬ್ಬಕ್ಕೆ ಊರಿಗೆ ಬಂದ ತಮ್ಮ ದುಬೈಯಿಂದ ಒಂದು ಸ್ಲೋ ಕುಕ್ಕರ್ ತಂದುಕೊಟ್ಟ, ಕರೆಂಟಿನಲ್ಲಿ ಗಂಟೆಗಟ್ಟಲೆ ಸಣ್ಣ ಶಾಖದಲ್ಲಿ ಬೇಯಿಸುವ ಪಾತ್ರೆ. ಮೂರೂವರೆ ಲೀಟರಿನದು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದೇ ಒಂದು ತಿರುಗಿಸುವ ಗುಂಡಿ. ಪ್ಲಗ್ಗಿನ ಮೂರು ಕಡ್ಡಿಯೂ ಚೌಕ, ನಮ್ಮ ಗೋಡೆಯ ತೂತಿಗೆ ಹೋಗುವುದೇ ಇಲ್ಲ. ಮಡಿಕೇರಿಯಲ್ಲಿ ಅಡಾಪ್ಟರ್ ಹುಡುಕಿ ತರುವಷ್ಟರಲ್ಲಿ ತಿಂಗಳು ಕಳೆಯಿತು. ಅಷ್ಟರಲ್ಲಿ ಅತ್ತೆ ಅದಕ್ಕೆ 'ಕರೆಂಟಿನ ಭರಣಿ' ಅಂತ ಹೆಸರಿಟ್ಟಾಗಿತ್ತು.

ನಾನು ಎಂಟೂಕಾಲರ ಬಸ್ಸಿಗೆ ಮಡಿಕೇರಿಯ ಬಟ್ಟೆ ಅಂಗಡಿಗೆ ಹೋದರೆ ಮನೆ ಸೇರುವಾಗ ಸಂಜೆ ಏಳು. ಇವರು ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಖರ್ಚು ಉಳಿಯುತ್ತದೆ ಅಂತ ತಮ್ಮ ಹೇಳಿದ್ದಕ್ಕೆ, ಉಳಿಯುತ್ತದೋ ಇಲ್ಲವೋ ನೋಡಿಯೇ ಬಿಡೋಣ ಅಂತ ಹೊರಟೆ. ಎದುರಾಳಿಗಳು ಎರಡು: ಗ್ಯಾಸಿನ ಮೇಲಿನ ಐದು ಲೀಟರ್ ಪ್ರೆಷರ್ ಕುಕ್ಕರ್, ಮತ್ತೆ ಅತ್ತೆಯ ಬಚ್ಚಲೊಲೆ.

ಮೊದಲು ದುಡ್ಡಿನ ಮಾತು. ಕಾಫಿ ತೂಗುವ ತಕ್ಕಡಿ ಮನೆಯಲ್ಲೇ ಇದ್ದದ್ದರಿಂದ ಸಿಲಿಂಡರನ್ನೇ ಎತ್ತಿ ಇಟ್ಟು ತೂಗಿದೆ. ನೆನೆಸಿದ ಹುರುಳಿಕಾಳನ್ನು ಹತ್ತು ಸಲ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿದ್ದಕ್ಕೆ 900 ಗ್ರಾಂ ಗ್ಯಾಸ್ ಇಳಿದಿತ್ತು. ಅಂದರೆ ಒಂದು ಸಲಕ್ಕೆ 90 ಗ್ರಾಂ. 14.2 ಕಿಲೋದ ಸಿಲಿಂಡರಿಗೆ ನಾನು ಕೊಡುವುದು 900 ರೂಪಾಯಿಯ ಆಸುಪಾಸು, ಹಾಗಾಗಿ ಒಂದು ಅಡುಗೆಗೆ ಆರು ರೂಪಾಯಿ. ಸ್ಲೋ ಕುಕ್ಕರಿನ ತಳದಲ್ಲಿ 200 ವ್ಯಾಟ್ ಅಂತ ಬರೆದಿದೆ. ಎಂಟು ಗಂಟೆಗೆ ಹೆಚ್ಚೆಂದರೆ 1.6 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಒಂಬತ್ತೂವರೆ ದಾಟಿತು. ಉಳಿತಾಯದ ಯಂತ್ರ ಅಂದದ್ದು ಕೂಗುವ ಕುಕ್ಕರಿಗೇ ಸೋತಿತು!

'ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಪುಕ್ಕಟೆ' ಅಂದರು ಇವರು. ಅದೂ ಪೂರ್ತಿ ನಿಜವಲ್ಲ. 200 ಯೂನಿಟ್ ಎಲ್ಲರಿಗೂ ಅಂತಲ್ಲ, ನಮ್ಮ ಹಳೆಯ ಸರಾಸರಿಯ ಮೇಲೆ ಶೇಕಡ 10 ಮಾತ್ರ ಹೆಚ್ಚು. ನಮ್ಮ ಸರಾಸರಿ 70, ಅಲ್ಲಿಗೆ 77ರ ತನಕ ಸೊನ್ನೆ ಬಿಲ್. ತಿಂಗಳಿಗೆ ಹನ್ನೆರಡು ದಿನ ಇದನ್ನು ಇಟ್ಟರೆ 19 ಯೂನಿಟ್ ಸೇರುತ್ತದೆ, ಮೇಲಿನ ಹನ್ನೆರಡಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದ್ದೇನೆ.

ಹಾಗಿದ್ದೂ ಆ ಚಳಿಗಾಲವಿಡೀ ನಾನು ಅದನ್ನೇ ಇಟ್ಟೆ. ಕಾರಣ ಬಸ್‌ಸ್ಟ್ಯಾಂಡಿನ ಹತ್ತಿರದ ಪರೋಟ. ಮೊದಲು ವಾರಕ್ಕೆ ಎರಡು ಸಂಜೆಯಾದರೂ, ಇನ್ನು ಹೋಗಿ ಯಾರು ಮಾಡುತ್ತಾರೆ ಅಂತ ಪರೋಟ ಕುರ್ಮ ಪಾರ್ಸೆಲ್ ಕಟ್ಟಿಸುತ್ತಿದ್ದೆ. ಐದು ಜನಕ್ಕೆ ಮುನ್ನೂರು ರೂಪಾಯಿಗೆ ಕಡಿಮೆ ಇಲ್ಲ. ಮನೆಯಲ್ಲಿ ಸಾರು ಬಿಸಿಯಾಗಿ ಕಾದಿದೆ, ಅನ್ನ ಒಂದು ಇಟ್ಟರೆ ಆಯಿತು ಅಂತ ಗೊತ್ತಿದ್ದರೆ ಕಾಲು ಆ ಹೋಟೆಲಿನ ಕಡೆ ತಿರುಗುವುದಿಲ್ಲ. ಈಗ ತಿಂಗಳಿಗೆ ಒಂದು ಪಾರ್ಸೆಲ್, ಅದೂ ಮಕ್ಕಳ ಹಟಕ್ಕೆ. ಒಂಬತ್ತು ರೂಪಾಯಿಯ ಕರೆಂಟಿನ ಎದುರು ಇಡಬೇಕಾದ ಲೆಕ್ಕ ಇದು, ಆರು ರೂಪಾಯಿಯ ಗ್ಯಾಸಲ್ಲ.

ಇನ್ನು ಅಡುಗೆ. ಹುರುಳಿಯಲ್ಲಿ ಮೊದಲನೇ ದಿನವೇ ಮುಗ್ಗರಿಸಿದೆ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಸುರಿದು ಹೋಗಬಹುದು ಅಂದುಕೊಂಡು ಹುಣಸೆಹುಳಿಯನ್ನೂ ಹಾಕಿದ್ದೆ. ಸಂಜೆ ಬಂದು ನೋಡಿದರೆ ಕಾಳು ಕಲ್ಲು. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಪ್ರೆಷರ್ ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಏರುವುದರಿಂದ ನಮ್ಮ ಎಷ್ಟೋ ತಪ್ಪು ಮುಚ್ಚಿಹೋಗುತ್ತದೆ. ಸ್ಲೋ ಕುಕ್ಕರಿಗೆ ಆ ದಯೆ ಇಲ್ಲ. ಮಡಿಕೇರಿ 1,150 ಮೀಟರಿನಷ್ಟು ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಈ ಪಾತ್ರೆ ಅದಕ್ಕಿಂತ ಮೇಲೆ ಹೋಗಲಾರದು. ಪೆಟ್ಟಿಗೆಯ ಪುಸ್ತಕದಲ್ಲಿ ಎಂಟು ಗಂಟೆ ಅಂತಿದ್ದರೆ ನಮ್ಮಲ್ಲಿ ಒಂಬತ್ತೂವರೆ. ನಾನು ಮನೆಯಿಂದ ಹೊರಗಿರುವುದೇ ಅದಕ್ಕಿಂತ ಹೆಚ್ಚು ಹೊತ್ತಾದ್ದರಿಂದ ತೊಂದರೆಯಾಗಲಿಲ್ಲ. ರಾತ್ರಿ ನೆನೆಸಿ, ಹುಳಿಯನ್ನು ಸಂಜೆಗೆ ಬಿಟ್ಟರೆ ಕಾಳು ಒಡೆಯದೆ ಬೆಣ್ಣೆಯ ಹಾಗೆ ಬೇಯುತ್ತದೆ, ಕಟ್ಟು ತಿಳಿಯಾಗಿ ಬರುತ್ತದೆ.

ಒಂದು ಎಚ್ಚರಿಕೆ. ಕೆಂಪು ರಾಜ್ಮಾವನ್ನು ನೇರವಾಗಿ ಇದಕ್ಕೆ ಹಾಕಲೇಬೇಡಿ. ಅದರಲ್ಲಿರುವ ನಂಜು ಚೆನ್ನಾಗಿ ಕುದಿದರೆ ಮಾತ್ರ ಸಾಯುತ್ತದೆ, ಅರೆಬಿಸಿಯಲ್ಲಿ ಕೂತರೆ ಇನ್ನೂ ಜೋರಾಗುತ್ತದೆ. ನಾಲ್ಕೈದು ಕಾಳೇ ವಾಂತಿ ಭೇದಿಗೆ ಸಾಕು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಅರ್ಧ ಗಂಟೆ ಕುದಿಸಿದ ಮೇಲೆಯೇ ಈ ಪಾತ್ರೆ. ಅಷ್ಟೆಲ್ಲ ಮಾಡುವ ಬದಲು ಪ್ರೆಷರ್ ಕುಕ್ಕರಿಗೇ ಹಾಕಿ ಅಂತ ನನ್ನ ಮಾತು. ಕಣಿಲೆಯದೂ, ಅಂದರೆ ಎಳೆ ಬಿದಿರಿನದೂ, ಅದೇ ಕತೆ. ನೀರು ಬದಲಿಸಿ ಎರಡು ಮೂರು ದಿನ ನೆನೆಸಿ, ಕುದಿಸಿ, ಬಸಿದು ನಂಜು ತೆಗೆದ ಕಣಿಲೆ ಮಾತ್ರ. ಹಸಿಯದನ್ನು ಮುಚ್ಚಳದೊಳಗೆ ಕೂರಿಸುವ ಸಾಹಸ ಬೇಡ.

ಅದು ನಿಜವಾಗಿ ಗೆದ್ದದ್ದು ಹಂದಿ ಮಾಂಸದಲ್ಲಿ. ಕಡಿಮೆ ಬೆಲೆಗೆ ಸಿಗುವ, ತೊಗಲು ಎಲುಬು ಹೆಚ್ಚಿರುವ ತುಂಡುಗಳನ್ನೇ ಬೇಕೆಂದು ತಂದೆ. ಪ್ರೆಷರ್ ಕುಕ್ಕರಿನಲ್ಲಿ ನಾಲ್ಕು ಕೂಗು ಹಾಕಿಸಿದರೆ ಮಾಂಸ ಬೆಂದರೂ ನಾರುನಾರು, ತೊಗಲು ರಬ್ಬರು. ಸ್ಲೋ ಕುಕ್ಕರಿನ ಗುಂಡಿಯನ್ನು 'ಲೋ'ಗೆ, ಅಂದರೆ ಕಡಿಮೆ ಶಾಖಕ್ಕೆ, ತಿರುಗಿಸಿ ಎಂಟು ಗಂಟೆ ಇಟ್ಟಾಗ ತೊಗಲು ಹಲ್ಲಿಗೆ ಸಿಗದ ಹಾಗೆ ಕರಗಿತ್ತು. ಆದರೆ ಆವಿ ಹೊರಗೆ ಹೋಗುವುದಿಲ್ಲ, ಮಾಂಸವೂ ನೀರು ಬಿಡುತ್ತದೆ. ಮೊದಲ ಸಲ ರೂಢಿಯಂತೆ ಎರಡು ಲೋಟ ನೀರು ಹಾಕಿ ಪಂದಿಕರಿಯ ಬದಲು ಪಂದಿ ಸಾರು ಉಣಬಡಿಸಿದೆ. ಇವರು ಮಾತಾಡದೆ ಉಂಡರು, ಅದೇ ಬೈಗುಳ. ಈಗ ಒಂದು ತೊಟ್ಟು ನೀರೂ ಹಾಕುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನು ಬೆಳಿಗ್ಗೆಯೇ ಬಾಣಲೆಯಲ್ಲಿ ಬಾಡಿಸಿ ಹಾಕುತ್ತೇನೆ, ಇಲ್ಲದಿದ್ದರೆ ಹಸಿವಾಸನೆ ಸಂಜೆಯ ತನಕ ಉಳಿಯುತ್ತದೆ. ಸಂಜೆ ಎಲ್ಲವನ್ನೂ ಬಾಣಲೆಗೆ ಸುರಿದು, ಕಪ್ಪಗೆ ಹುರಿದ ಮಸಾಲೆ ಪುಡಿ ಮತ್ತೆ ನಮ್ಮ ಕಡೆಯ ಕಪ್ಪು ಹುಳಿ ಕಾಚಂಪುಳಿ ಹಾಕಿ ಹದಿನೈದು ನಿಮಿಷ ಬತ್ತಿಸುತ್ತೇನೆ. ಒಂದೇ ಪಾತ್ರೆಯ ಅಡುಗೆ ಅನ್ನುವುದು ಸುಳ್ಳು, ತೊಳೆಯುವವಳು ನಾನೇ ಆದ್ದರಿಂದ ಹೇಳುತ್ತಿದ್ದೇನೆ.

ತೆಂಗಿನಕಾಯಿ ಅರೆದ ಮಸಾಲೆಯೂ ಕೊನೆಗೇ, ಬೇಗ ಹಾಕಿದರೆ ಒಡೆದು ತೇಲುತ್ತದೆ. ಅನ್ನ, ರೊಟ್ಟಿ, ಕಡುಬಿಗೆ ಇದು ಲೆಕ್ಕಕ್ಕಿಲ್ಲ. ಗಂಜಿಗೆ ಒಳ್ಳೆಯದು. ಆಟಿ ತಿಂಗಳ 18ನೇ ದಿನ ಪಾಯಸಕ್ಕೆ ಹಾಕುವ ಮದ್ದುಸೊಪ್ಪನ್ನು ರಾತ್ರಿಯಿಡೀ ಇದರಲ್ಲಿಟ್ಟು ರಸ ತೆಗೆದೆ. ಬಣ್ಣ ಎಷ್ಟು ಗಾಢ ಬಂತೆಂದರೆ, ಪಾಯಸ ಉಂಡ ಮಾರನೇ ದಿನ ಮಕ್ಕಳು ಮೂತ್ರದ ಕೆಂಪು ನೋಡಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿತು.

ಆ ರಾತ್ರಿ ಕರೆಂಟ್ ಇದ್ದದ್ದೇ ಪುಣ್ಯ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಮರ ಬೀಳುವುದು, ತಂತಿ ಹರಿಯುವುದು ದಿನದ ಮಾತು. ಮನೆಯಲ್ಲಿ ಯಾರೂ ಗಮನಿಸದಿದ್ದರೆ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಹೋಗಿ ಬಂದದ್ದು ಗೊತ್ತೇ ಆಗುವುದಿಲ್ಲ. ಗುಂಡಿಯ ಕುಕ್ಕರ್ ಏನೂ ಆಗದವರ ಹಾಗೆ ಮತ್ತೆ ಬಿಸಿಯಾಗುತ್ತದೆ, ನಡುವೆ ಮಾಂಸ ಉಗುರುಬೆಚ್ಚಗೆ ಕೂತು ಹಾಳಾಗಿರುತ್ತದೆ. ಅದಕ್ಕೆ ಅದೇ ಬೋರ್ಡಿಗೆ ಹಳೆಯ ಕರೆಂಟ್ ಅಲಾರಂ ಗಡಿಯಾರ ಸಿಕ್ಕಿಸಿದೆ. ಕರೆಂಟ್ ಹೋಗಿ ಬಂದರೆ ಅದು ಹನ್ನೆರಡರಿಂದ ಎಣಿಸಲು ಶುರುಮಾಡುತ್ತದೆ. ಹೋದದ್ದು ಎಷ್ಟು ಹೊತ್ತು ಅಂತ ಅದು ಹೇಳುವುದಿಲ್ಲ, ಅತ್ತೆಯನ್ನು ಕೇಳಬೇಕು. ಅತ್ತೆಗೂ ಗೊತ್ತಿಲ್ಲದಿದ್ದರೆ ಅಡುಗೆ ತಿಪ್ಪೆಗೆ. ಹೋದ ಮಳೆಗಾಲದಲ್ಲಿ ಎರಡು ಸಲ ಮಾಂಸ ಸುರಿದ ಮೇಲೆ ಯಂತ್ರಕ್ಕೆ ರಜೆ ಕೊಟ್ಟೆ.

ಆಮೇಲೆ ಅತ್ತೆಯ ಸರದಿ. ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಬಿದ್ದ ಸೌದೆ ಮಳೆಗಾಲಕ್ಕೆ ಒಟ್ಟಿದ್ದೇ ಇರುತ್ತದೆ, ಸ್ನಾನದ ಹಂಡೆಗೆ ಒಲೆ ಹೇಗೂ ಉರಿಯಬೇಕು. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಅತ್ತೆ ಕೆಂಡ ಸರಿಸಿ, ಹುರುಳಿಯ ಮಣ್ಣಿನ ಚಟ್ಟಿ ಕೂರಿಸಿ, ಸುತ್ತ ಬೂದಿ ಎಳೆಯುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಇನ್ನೂ ಹೊಗೆಯಾಡುತ್ತಿರುತ್ತದೆ. ರುಚಿಯ ಮಾತಿಗೆ ಬಂದರೆ ಇದೇ ಮೊದಲು, ಖರ್ಚು ಸೊನ್ನೆ. ಆದರೆ ಕೆಂಡದ ಹದ ನೋಡುವ ಕೈ ಅತ್ತೆಯದು. ನಾನೊಬ್ಬಳೇ ಮಾಡಿದ ರಾತ್ರಿ ತಳ ಸೀದು ಚಟ್ಟಿ ಬಿರಿಯಿತು. ಹೊಗೆಗೆ ಅತ್ತೆಯ ಕಣ್ಣೂ ಈಗ ಸೋತಿದೆ, ಅದನ್ನು ಯಾವ ತಕ್ಕಡಿಯಲ್ಲಿ ತೂಗಲಿ?

ಹಾಗಾಗಿ ಈ ಜೂನಿನಲ್ಲಿ ಸ್ಲೋ ಕುಕ್ಕರನ್ನು ಕುಶಾಲನಗರದ ಅಕ್ಕನ ಮನೆಗೆ ಕಳಿಸಿದ್ದೇನೆ. ಅಲ್ಲಿ ಮಳೆ ನಮ್ಮದರ ಅರ್ಧವೂ ಇಲ್ಲ, ಕರೆಂಟ್ ಹೋಗುವುದೂ ಕಡಿಮೆ. ಸೆಪ್ಟೆಂಬರ್ ಕಳೆದ ಮೇಲೆ ವಾಪಸ್ ತರಬೇಕು. ಅಡಾಪ್ಟರ್ ಕಳೆಯಬೇಡ ಅಂತ ಅಕ್ಕನಿಗೆ ಎರಡು ಸಲ ಹೇಳಿಯಾಗಿದೆ.