ಗ್ಲೇಷಿಯರ್ ಪಾರ್ಕ್‌ಗೆ ಚಳಿಗಾಲದ ರೈಲು ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಷಿಯರ್ ನ್ಯಾಷನಲ್ ಪಾರ್ಕ್‌ಗೆ ನವೆಂಬರ್‌ನಲ್ಲಿ ರೈಲು ಪ್ಯಾಕೇಜ್ ಕೊಡುತ್ತೇವೆ ಅಂತ ಯಾವುದಾದರೂ ಟ್ರಾವೆಲ್ ಏಜೆನ್ಸಿ ಹೇಳಿದರೆ, ದಯವಿಟ್ಟು ಒಂದು ನಿಮಿಷ ತಡೆಯಿರಿ. ನಾನು, ನನ್ನ ಹೆಂಡತಿ ಅಂಥದ್ದೇ ಪ್ಯಾಕೇಜ್‌ಗೆ ದುಡ್ಡು ಕೊಟ್ಟು, ರೈಲಿನಿಂದ ಒಂದು ಬೆಟ್ಟವನ್ನೂ ನೋಡದೆ ಬಂದೆವು.

ಬ್ರೋಷರ್‌ನಲ್ಲಿದ್ದ ಇತಿಹಾಸ ನಿಜವಾದದ್ದೇ. ಜನ ನಂಬುವುದೂ ಅದಕ್ಕೇ. 1910ರಲ್ಲಿ ಪಾರ್ಕ್ ಆದಾಗ ಅಲ್ಲಿಗೆ ಪ್ರವಾಸಿಗರನ್ನು ಕರೆತಂದಿದ್ದು ಗ್ರೇಟ್ ನಾರ್ದರ್ನ್ ರೈಲ್ವೆ. ಅದರ ಮುಖ್ಯಸ್ಥ ಲೂಯಿಸ್ ಹಿಲ್ ಈಸ್ಟ್ ಗ್ಲೇಷಿಯರ್ ಸ್ಟೇಷನ್ ಎದುರಿಗೇ ದೊಡ್ಡ ದಿಮ್ಮಿಗಳ ಲಾಡ್ಜ್ ಕಟ್ಟಿಸಿದರು. ಅದು 1913ರಲ್ಲಿ ತೆರೆಯಿತು. ಇವತ್ತಿಗೂ ರೈಲಿಳಿದು ನಡೆದೇ ಅಲ್ಲಿಗೆ ಹೋಗಬಹುದು. 1930ರ ದಶಕದ ಕೆಂಪು ಬಸ್‌ಗಳು ಈಗಲೂ ಓಡುತ್ತವೆ. ಆದರೆ ಚಳಿಗಾಲದಲ್ಲಿ ಲಾಡ್ಜ್ ಮುಚ್ಚಿರುತ್ತದೆ, ಕೆಂಪು ಬಸ್ ಇರುವುದಿಲ್ಲ, ಪಾರ್ಕ್ ಒಳಗೆ ಲೋಗನ್ ಪಾಸ್ ಎಂಬ ಕಣಿವೆದಾರಿ ದಾಟುವ ರಸ್ತೆ ಹಿಮದಡಿ ಇರುತ್ತದೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ಅಷ್ಟೇ ಅಲ್ಲ. ಚಳಿಗಾಲದಲ್ಲಿ ಈಸ್ಟ್ ಗ್ಲೇಷಿಯರ್‌ನಲ್ಲಿ ರೈಲೇ ನಿಲ್ಲುವುದಿಲ್ಲ, ಬದಲಿಗೆ ಬ್ರೌನಿಂಗ್ ಎಂಬ ಊರಿನಲ್ಲಿ ನಿಲ್ಲುತ್ತದೆ. ನಮ್ಮ ಟಿಕೆಟ್‌ನಲ್ಲಿ ಬ್ರೌನಿಂಗ್ ಅಂತ ನೋಡಿ ಏಜೆನ್ಸಿಯವರನ್ನು ಕೇಳಿದ್ದೆವು. "ಅದು ಪಾರ್ಕ್ ಬಾಗಿಲಲ್ಲೇ ಇದೆ, ವ್ಯಾನ್ ಬರುತ್ತೆ" ಅಂದರು. ರಾತ್ರಿ ಇಳಿದಾಗ ವ್ಯಾನ್ ಇಲ್ಲ. ಏಜೆನ್ಸಿಯವರು ಫೋನ್ ಎತ್ತಲಿಲ್ಲ. ಆ ಚಳಿಯಲ್ಲಿ ಹೆಂಡತಿಯ ಕೈ ಮರಗಟ್ಟಿತ್ತು. ಊರಿನವರೊಬ್ಬರು ಕಾರು ನಿಲ್ಲಿಸಿ ವಿಚಾರಿಸದೇ ಇದ್ದಿದ್ದರೆ ಏನು ಮಾಡುತ್ತಿದ್ದೆವೋ ಗೊತ್ತಿಲ್ಲ. ಅವರ ಉಪಕಾರ ಮರೆಯುವುದಿಲ್ಲ.

ಮರುದಿನ ಪಶ್ಚಿಮಕ್ಕೆ ಹೋಗುವ ಎಂಪೈರ್ ಬಿಲ್ಡರ್ ಎಂಬ ರೈಲು ಹತ್ತಿದೆವು. ಅದರಲ್ಲೂ ಬುಕಿಂಗ್ ಸಂಜೆಯದೇ. ನನಗೆ ಜಾಸ್ತಿ ನೋವಾಗಿದ್ದು ಇಲ್ಲಿ. ಈ ರೈಲು ದಾಟುವ ಮರಾಯಸ್ ಪಾಸ್ ಎಂಬ ಕಣಿವೆದಾರಿ ನೋಡಬೇಕೆಂಬುದು ನನ್ನ ಬಹಳ ವರ್ಷದ ಆಸೆ. 1889ರ ಡಿಸೆಂಬರ್‌ನ ಕಡು ಚಳಿಯಲ್ಲಿ ಜಾನ್ ಸ್ಟೀವನ್ಸ್ ಎಂಬ ಎಂಜಿನಿಯರ್ ಹುಡುಕಿ ಗೊತ್ತುಮಾಡಿದ ದಾರಿ ಅದು. 5,213 ಅಡಿ ಎತ್ತರ. ರಾಕಿ ಪರ್ವತವನ್ನು ಇಷ್ಟು ತಗ್ಗಿನಲ್ಲಿ ದಾಟಲು ಸಿಕ್ಕಿದ್ದರಿಂದಲೇ ಹಳಿ ಇಲ್ಲಿ ಬಂತು. ಮುಂದೆ ಹಿಮಕುಸಿತದಿಂದ ಹಳಿ ಕಾಪಾಡಲು ಕಟ್ಟಿದ ಮಾಡುಗಳಿವೆ, ಪಕ್ಕದಲ್ಲಿ ನದಿ. ನಾವು ಗಾಜಿನ ಬೋಗಿಯಲ್ಲಿ ಕೂತಿದ್ದೆವು, ಹೊರಗೆ ಬರೀ ಕತ್ತಲು. ಬೇಸಿಗೆಯಾದರೆ ಅದೇ ಹೊತ್ತಿನಲ್ಲಿ ಚೆನ್ನಾಗಿ ಬೆಳಕಿರುತ್ತದೆ.

ಸಿಯಾಟಲ್‌ನಿಂದ ಪೂರ್ವಕ್ಕೆ ಬರುವ ರೈಲು ಈ ಜಾಗವನ್ನು ಬೆಳಿಗ್ಗೆ ದಾಟುತ್ತದೆ. ಚಳಿಗಾಲದಲ್ಲೇ ಹೋಗಬೇಕಿದ್ದರೆ ಅದನ್ನೇ ಹಿಡಿಯಿರಿ, ಎಡಗಡೆ ಕೂತುಕೊಳ್ಳಿ, ಪಾರ್ಕ್ ಇರುವುದು ಆ ಕಡೆ. "ರೈಲು ಪಾರ್ಕ್ ಒಳಗೇ ಹೋಗುತ್ತೆ" ಅನ್ನುವವರನ್ನು ನಂಬಬೇಡಿ. ಹಳಿ ಹೋಗುವುದು ದಕ್ಷಿಣದ ಗಡಿಯ ಪಕ್ಕದಲ್ಲಿ. ಒಳಗೆ ಹೋಗಲು ಬೇರೆ ವಾಹನ ಬೇಕೇ ಬೇಕು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಕರೆದೊಯ್ಯುತ್ತಾರೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಲಾಡ್ಜ್ ತೆರೆದಿದೆಯಾ ಅಂತ ನೀವೇ ಫೋನ್ ಮಾಡಿ ಕೇಳಿ.

ದುಡ್ಡು ವಾಪಸ್ ಕೇಳಿದರೆ "ರೈಲು ಓಡಿತಲ್ವಾ" ಅಂದರು. ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇವೆ. ಇಂಥ ಪ್ಯಾಕೇಜ್‌ಗೆ ಈಗಾಗಲೇ ದುಡ್ಡು ಕಟ್ಟಿದ್ದರೆ ಬ್ರೋಷರ್, ರಸೀದಿ, ಮೆಸೇಜ್‌ಗಳು ಯಾವುದನ್ನೂ ಅಳಿಸಬೇಡಿ. ಬ್ಯಾಂಕಿನವರು ಮೊದಲು ಕೇಳಿದ್ದು ಅವನ್ನೇ.