ಲಾಂದ್ರದ ಮೇಲೊಂದು ಪುಟ್ಟ ಪಾತ್ರೆ: ಫೊಯರ್‌ಹಾಂಡ್ 276ರ ಕಾವಿನೊಂದಿಗೆ ಹಲವು ಚಳಿಗಾಲ

ಲಾಂದ್ರದ ಬಿಸಿಯಲ್ಲಿ ಅಡುಗೆ ಮಾಡಬಹುದೇ ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಅನ್ನ ಬೇಯುವುದಿಲ್ಲ, ಬೇಳೆಯ ಮಾತಂತೂ ಇಲ್ಲವೇ ಇಲ್ಲ, ಒಂದು ಲೀಟರ್ ನೀರನ್ನೂ ಅದು ಕುದಿಸಲಾರದು. ಆದರೆ ಹಾಲು ಬೆಚ್ಚಗಾಗುತ್ತದೆ, ಉಳಿದ ಸಾರು ಉಣ್ಣುವಷ್ಟು ಬಿಸಿಯಾಗುತ್ತದೆ, ಕೊರೆಯುವ ಚಳಿಯಲ್ಲೂ ಮೊಸರು ಹೆಪ್ಪಾಗುತ್ತದೆ, ಕಲ್ಲಿನಂತಾದ ಕೊಬ್ಬರಿ ಎಣ್ಣೆ ಕರಗುತ್ತದೆ. ಫೊಯರ್‌ಹಾಂಡ್ 276 ಎಂಬ ಜರ್ಮನ್ ಸೀಮೆಎಣ್ಣೆ ಲಾಂದ್ರವನ್ನು ಹಲವು ಚಳಿಗಾಲ ಬಳಸಿದ ಮೇಲೆ ನನ್ನ ತೀರ್ಮಾನ ಇದು: ಅವಸರದ ಅಡುಗೆಗೆ ಈ ದೀಪ ಒದಗುವುದಿಲ್ಲ, ನಿಧಾನವಾಗಿಯೇ ಆಗಬೇಕಾದ ಕೆಲಸಗಳಿಗೆ ಇದರಷ್ಟು ಒಳ್ಳೆಯ ಒಲೆ ನನ್ನ ಬಳಿ ಮತ್ತೊಂದಿಲ್ಲ.

ನಾನಿರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಊರಿನ ಅಂಚಿನಲ್ಲಿ ಸಂಘವೊಂದರಿಂದ ಗುತ್ತಿಗೆಗೆ ಪಡೆದ ಸಣ್ಣ ತೋಟವಿದೆ. ಇಂಥ ತೋಟಗಳಿಗೆ ಇಲ್ಲಿ ಶ್ರೇಬರ್ ತೋಟ ಎಂಬ ಹೆಸರೂ ಇದೆ. ಶ್ರೇಬರ್ ಎಂಬ ವೈದ್ಯರ ಹೆಸರಿನ ಮೊದಲ ಸಂಘ 1860ರ ದಶಕದಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ತೋಟದಲ್ಲಿ ಒಂದು ಮರದ ಗುಡಿಸಲು ಕಟ್ಟಿಕೊಳ್ಳಲು ಕಾನೂನು ಒಪ್ಪುತ್ತದೆ. ಮುಂದಿನ ಜಗುಲಿಯೂ ಸೇರಿ ಅದು 24 ಚದರ ಮೀಟರ್ ಮೀರಬಾರದು, ಕಾಯಂ ವಾಸಕ್ಕೆ ತಕ್ಕ ಮನೆಯಾಗಿರಬಾರದು. ನಮ್ಮ ಗುಡಿಸಲಿಗೆ ವಿದ್ಯುತ್ ಸಂಪರ್ಕವಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಸಂಜೆ ಕಳೆಯಬೇಕಾದರೆ ಬೆಳಕೂ ಬೇಕು, ಒಂದಿಷ್ಟು ಕಾವೂ ಬೇಕು. ಲಾಂದ್ರ ಕೊಂಡದ್ದು ಬೆಳಕಿಗಾಗಿ. ಈಗ ಅದನ್ನು ಹಚ್ಚುವುದು ಹೆಚ್ಚಾಗಿ ಕಾವಿಗಾಗಿ.

ಫೊಯರ್‌ಹಾಂಡ್ ಬೇಬಿ ಸ್ಪೆಷಲ್ 276 ಇಪ್ಪತ್ತಾರೂವರೆ ಸೆಂಟಿಮೀಟರ್ ಎತ್ತರದ, ಸುಮಾರು ಅರ್ಧ ಕಿಲೋ ತೂಕದ, ನಮ್ಮ ಅಜ್ಜಿಯ ಮನೆಯ ಲಾಂದ್ರದ್ದೇ ರೂಪದ ದೀಪ. ಟ್ಯಾಂಕಿಗೆ 340 ಮಿಲಿಲೀಟರ್ ಎಣ್ಣೆ ಹಿಡಿಯುತ್ತದೆ, ಅಷ್ಟು ಎಣ್ಣೆಯಲ್ಲಿ ಸುಮಾರು 20 ಗಂಟೆ ಉರಿಯುತ್ತದೆ. ಗಾಜು ಶಾಟ್ ಕಂಪನಿಯ ಶಾಖ ತಾಳುವ ಗಾಜು. ಉರಿಯುತ್ತಿರುವಾಗ ಮಳೆಯ ಹನಿ ಬಿದ್ದರೂ ನನ್ನದು ಈವರೆಗೆ ಸೀಳಿಲ್ಲ. ಹೆರ್ಮಾನ್ ನೀಯರ್ ಸ್ಥಾಪಿಸಿದ ಫೊಯರ್‌ಹಾಂಡ್ ಕಂಪನಿಯ ಮೂಲ ಊರು ಬೈಯರ್‌ಫೆಲ್ಡ್. ಅದು ನಮ್ಮ ಸ್ಯಾಕ್ಸನಿ ರಾಜ್ಯದ್ದೇ ಗುಡ್ಡಗಾಡಿನಲ್ಲಿದೆ. ಎರಡನೇ ಮಹಾಯುದ್ಧದ ನಂತರ ಕಂಪನಿ ಪಶ್ಚಿಮಕ್ಕೆ, ಹೋಹೆನ್‌ಲಾಕ್‌ಸ್ಟೆಟ್‌ಗೆ ಹೋಯಿತು. ಪೂರ್ವ ಜರ್ಮನಿಯ ಕಾಲದಲ್ಲಿ ಬೈಯರ್‌ಫೆಲ್ಡ್‌ನಲ್ಲಿ ಸರ್ಕಾರಿ ಕಾರ್ಖಾನೆ 'ಬಾಟ್' ಎಂಬ ಹೆಸರಿನಲ್ಲಿ ಲಾಂದ್ರ ಮಾಡುವುದನ್ನು ಮುಂದುವರಿಸಿತು. ಪಕ್ಕದ ತೋಟದ ಹಿರಿಯರ ಬಳಿ ಅಂಥದೊಂದು ಇನ್ನೂ ಉರಿಯುತ್ತಿದೆ. ದೇಶ ಒಡೆದು ಮತ್ತೆ ಒಂದಾದರೂ ಆ ದೀಪಕ್ಕೆ ಬತ್ತಿಯಲ್ಲದೆ ಬೇರೇನನ್ನೂ ಬದಲಾಯಿಸಬೇಕಾಗಿಲ್ಲ ಎಂದು ಅವರು ಅಭಿಮಾನದಿಂದ ಹೇಳುತ್ತಾರೆ.

ಇನ್ನು ಲೆಕ್ಕ. ಇದನ್ನು ಬಿಟ್ಟರೆ ಉಳಿದ ಮಾತೆಲ್ಲ ಗಾಳಿಮಾತಾದೀತು. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಇದೆ. ಈ ಲಾಂದ್ರ ಗಂಟೆಗೆ ಕುಡಿಯುವುದು 17 ಮಿಲಿಲೀಟರ್. ಅಂದರೆ ಇದರ ಒಟ್ಟು ಶಕ್ತಿ 170 ವ್ಯಾಟ್ ಆಸುಪಾಸು. ಅದರಲ್ಲಿ ಬೆಳಕಾಗುವುದು ತೀರ ಅಲ್ಪ, ಉಳಿದದ್ದೆಲ್ಲ ಶಾಖ. ಆ ಶಾಖದಲ್ಲಿ ಒಂದು ಪಾಲು ಗಾಜಿನ ಮೂಲಕ ಸುತ್ತ ಹರಡುತ್ತದೆ, ಮೇಲೆ ಹೊರಡುವ ಬಿಸಿಗಾಳಿಯಲ್ಲೂ ಬಹಳಷ್ಟು ಪಾತ್ರೆಯ ಬದಿಯಿಂದ ಜಾರಿಹೋಗುತ್ತದೆ. ಪಾತ್ರೆಗೆ 50 ವ್ಯಾಟ್ ದಕ್ಕಿತು ಎಂದುಕೊಳ್ಳೋಣ. 20 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಅಷ್ಟರಲ್ಲಿ 100 ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ ಎರಡು ಗಂಟೆ ಬೇಕು, ಅದೂ ಪಾತ್ರೆಯಿಂದ ಕಿಂಚಿತ್ತೂ ಶಾಖ ಸೋರದಿದ್ದರೆ. ಸೋರದೆ ಇರುವುದಿಲ್ಲ. ನೀರು ಬಿಸಿಯಾದಷ್ಟೂ ಸೋರಿಕೆ ಹೆಚ್ಚುತ್ತದೆ, ಕೊನೆಗೆ ಬರುವುದೂ ಹೋಗುವುದೂ ಸರಿಸಮವಾಗಿ ಉಷ್ಣತೆ ಅಲ್ಲೇ ನಿಲ್ಲುತ್ತದೆ. ಮನೆಯ ಗ್ಯಾಸ್ ಒಲೆಯ ಒಂದು ಬರ್ನರ್ ಈ ಲಾಂದ್ರದ ಹತ್ತು ಪಟ್ಟಿನಷ್ಟು ಶಾಖ ಕೊಡುತ್ತದೆ. ಈ ಲೆಕ್ಕ ಗೊತ್ತಿದ್ದರೆ ನಿರಾಸೆಯಾಗುವುದಿಲ್ಲ.

ಪಾತ್ರೆಯನ್ನು ನೇರವಾಗಿ ಲಾಂದ್ರದ ತಲೆಯ ಮೇಲೆ ಇಡಬಾರದು. ಈ ಬಗೆಯ ದೀಪದಲ್ಲಿ ಎರಡು ಬದಿಯ ಕೊಳವೆಗಳು ಹಿಡಿಕೆಗಾಗಿ ಇರುವುದಲ್ಲ. ತಣ್ಣನೆಯ ಶುದ್ಧ ಗಾಳಿ ಅವುಗಳ ಮೂಲಕ ಕೆಳಗಿಳಿದು ಬತ್ತಿಯನ್ನು ಸೇರುತ್ತದೆ, ಉರಿದ ಬಿಸಿಗಾಳಿ ನಡುವಿನ ಚಿಮಣಿಯಿಂದ ಮೇಲೆ ಹೋಗುತ್ತದೆ. ಅಮೆರಿಕದ ಜಾನ್ ಅರ್ವಿನ್ 1870ರ ದಶಕದಲ್ಲಿ ಈ ಏರ್ಪಾಟು ಮಾಡಿದ. ಅದಕ್ಕೂ ಮುಂಚಿನ ಅವನದೇ ಮಾದರಿಯಲ್ಲಿ ಉರಿದ ಗಾಳಿಯೇ ಒಂದಿಷ್ಟು ಮರಳಿ ಬತ್ತಿಗೆ ಬರುತ್ತಿತ್ತು, ಬೆಳಕು ಮಂಕಾಗಿರುತ್ತಿತ್ತು. ಚಿಮಣಿಯ ಬಾಯಿಗೆ ತಪ್ಪಲೆ ಮುಚ್ಚಿದರೆ ಈ ಉಸಿರಾಟ ಕಟ್ಟುತ್ತದೆ. ಜ್ವಾಲೆ ಕೆಂಪಾಗಿ ಹೊಗೆಯುಗುಳುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ, ವಿಷಾನಿಲವೂ ಹೆಚ್ಚುತ್ತದೆ. ನಾನು ಕಬ್ಬಿಣದ ಸರಳುಗಳ ಒಂದು ಮುಕ್ಕಾಲಿ ಮಾಡಿಸಿಕೊಂಡಿದ್ದೇನೆ. ಲಾಂದ್ರ ಅದರ ಕೆಳಗೆ ನಿಲ್ಲುತ್ತದೆ, ಪಾತ್ರೆಯ ತಳಕ್ಕೂ ಲಾಂದ್ರದ ತಲೆಗೂ ಎರಡು ಬೆರಳಿನ ಅಂತರವಿರುತ್ತದೆ, ಪಾತ್ರೆಯ ಭಾರ ಲಾಂದ್ರದ ಮೇಲೆ ಬೀಳುವುದೇ ಇಲ್ಲ. ಅಮೆರಿಕದ ಡೀಟ್ಜ್ ಹೆಸರಿನ ದೊಡ್ಡ ಲಾಂದ್ರವೊಂದು ಅಡುಗೆ ತಟ್ಟೆಯ ಸಮೇತವೇ ಸಿಗುತ್ತದೆ. ನನ್ನ ಪುಟ್ಟ ದೀಪಕ್ಕೆ ಮುಕ್ಕಾಲಿಯೇ ಸೂಕ್ತ.

ಈಗ ಪಾಕಶಾಲೆ. ಕಾಲು ಲೀಟರ್ ಹಿಡಿಯುವ ಅಗಲ ತಳದ ಸ್ಟೀಲ್ ಪಾತ್ರೆ, ಅದಕ್ಕೆ ಬಿಗಿಯಾದ ಮುಚ್ಚಳ: ಇವೆರಡೇ ಮುಖ್ಯ ಸಲಕರಣೆ. ಮುಚ್ಚಳವಿಲ್ಲದೆ ಏನೂ ಆಗುವುದಿಲ್ಲ. ತೋಟಕ್ಕೆ ಬಂದ ಕೂಡಲೇ ದೀಪ ಹಚ್ಚಿ ನೀರಿಟ್ಟು ಪಾತಿ ಕೆಲಸಕ್ಕೆ ಹೋಗುತ್ತೇನೆ. ಮುಕ್ಕಾಲು ಗಂಟೆ ಕಳೆದು ಬರುವಷ್ಟರಲ್ಲಿ ಬೆರಳು ಅದ್ದಲಾಗದಷ್ಟು ಬಿಸಿಯಾಗಿರುತ್ತದೆ. ಆ ನೀರನ್ನು ಗಟ್ಟಿ ಅವಲಕ್ಕಿಗೆ ಸುರಿದು ಮುಚ್ಚಿಟ್ಟರೆ ಕೈ ತೊಳೆದು ಬರುವುದರೊಳಗೆ ಅದು ಅರಳಿಕೊಂಡಿರುತ್ತದೆ. ಮನೆಯಿಂದ ತಂದ ಒಗ್ಗರಣೆ, ತುರಿದ ಕಾಯಿ, ಬೆಲ್ಲ ಅಥವಾ ಉಪ್ಪು-ಖಾರ ಬೆರೆಸಿದರೆ ಹೊಟ್ಟೆ ತುಂಬುವ ಬಿಸಿ ಊಟ. ಲಾಂದ್ರದ ಒಲೆಗೆ ಅವಲಕ್ಕಿಗಿಂತ ಒಪ್ಪುವ ಧಾನ್ಯವಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಸಾರನ್ನು ತೆಳ್ಳಗೆ ಮಾಡಿ ತಂದರೆ ಚೆನ್ನಾಗಿ ಬಿಸಿಯಾಗುತ್ತದೆ. ಹುಳಿ, ಗೊಜ್ಜಿನಂಥ ಮಂದವಾದವು ತಳದಲ್ಲಿ ಮಾತ್ರ ಕಾದು ಮೇಲೆ ತಣ್ಣಗೇ ಉಳಿಯುತ್ತವೆ, ಆಗಾಗ ಕೈಯಾಡಿಸಬೇಕು. ಚಹಾಪುಡಿಗೆ ಈ ಬಿಸಿ ಸಾಲುತ್ತದೆ, ಆದರೆ ನಮ್ಮ ಕುದಿಸಿದ ಚಹಾದ ರುಚಿ ಬಾರದು. ಫಿಲ್ಟರ್ ಕಾಫಿಯಾದರೆ ಡಿಕಾಕ್ಷನ್ ಮನೆಯಿಂದ ತಂದು, ಲಾಂದ್ರದ ಮೇಲೆ ಕಾದ ಹಾಲಿಗೆ ಬೆರೆಸಿದರೆ ಕೊರತೆಯೇ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಅನ್ನ, ಸಾರು, ಹಾಲನ್ನು ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಬಿಸಿ ಮಾಡಿದರೆ ಹಬೆ ಬರುವಂತೆ ಮಾಡಿ, ಕೂಡಲೇ ಉಂಡುಬಿಡಬೇಕು.

ಬೆಚ್ಚಗಿಡುವ ಕೆಲಸದಲ್ಲಿ ಲಾಂದ್ರದ ನಿಜವಾದ ಗುಣ ಕಾಣುತ್ತದೆ. ಹಾಲಿಗೆ ಹೆಪ್ಪು ಬೆರೆಸಿ ಪಾತ್ರೆಯನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಲಾಂದ್ರದಿಂದ ಒಂದು ಮೊಳ ದೂರದ ಹಲಗೆಯ ಮೇಲಿಡುತ್ತೇನೆ. ಮೊಸರಿಗೆ ಬೇಕಾದದ್ದು ನಲವತ್ತರ ಆಸುಪಾಸಿನ ಹಿತವಾದ ಕಾವು. ಗ್ಯಾಸ್ ಒಲೆಯನ್ನು ಎಷ್ಟು ಸಣ್ಣದು ಮಾಡಿದರೂ ಅಂಥ ಕಾವು ಸಿಗುವುದಿಲ್ಲ, ಲಾಂದ್ರದ ಬಳಿ ದೂರ ಬದಲಿಸಿದರೆ ಸಾಕು. ಇಡ್ಲಿ ಹಿಟ್ಟು ಹುದುಗಲೂ ಇದೇ ಉಪಾಯ. ಚಳಿಯಲ್ಲಿ ಗಡ್ಡೆಕಟ್ಟಿದ ತುಪ್ಪದ ಡಬ್ಬಿ, ಜೇನುತುಪ್ಪದ ಬಾಟಲಿ, ಒದ್ದೆಯಾದ ಕೈಗವಸು, ತೇವ ಹಿಡಿದ ಬೆಂಕಿಪೊಟ್ಟಣ, ಎಲ್ಲಕ್ಕೂ ಲಾಂದ್ರದ ಸುತ್ತ ಒಂದೊಂದು ಜಾಗವಿದೆ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜಿ ಮಕ್ಕಳ ಎದೆ ಕಟ್ಟಿದಾಗ ವೀಳ್ಯದೆಲೆಗೆ ಎಣ್ಣೆ ಸವರಿ ಲಾಂದ್ರದ ಗಾಜಿಗೆ ತಾಗಿಸಿ ಬಾಡಿಸುತ್ತಿದ್ದರು, ಬಟ್ಟೆ ಮಡಿಸಿ ಗಾಜಿಗೆ ಒತ್ತಿ ಹೊಟ್ಟೆಗೆ ಶಾಖ ಕೊಡುತ್ತಿದ್ದರು. ದೀಪದ ಕಾವನ್ನು ವ್ಯರ್ಥ ಮಾಡದ ಆ ಜಾಣ್ಮೆಗೆ ನನಗೆ ಅಪಾರ ಗೌರವವಿದೆ.

ತೋಟದವರಿಗೆ ಇನ್ನೊಂದು ದೊಡ್ಡ ಉಪಯೋಗ ಹೇಳಬೇಕು. ಜರ್ಮನಿಯಲ್ಲಿ ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮದ ಸಂತರ ದಿನಗಳೆನ್ನುತ್ತಾರೆ. ಅವು ಕಳೆಯುವವರೆಗೂ ರಾತ್ರಿ ಹಿಮ ಬಿದ್ದು ಸಸಿ ಸುಡುವ ಭಯವಿರುತ್ತದೆ. ನಮ್ಮ ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿಗಳು ಅಷ್ಟರಲ್ಲಿ ಪುಟ್ಟ ಗಾಜಿನ ಮನೆಯಲ್ಲಿ ಒಂದು ಗೇಣು ಬೆಳೆದಿರುತ್ತವೆ. ಅಂಥ ರಾತ್ರಿಗಳಲ್ಲಿ ಕಲ್ಲು ಚಪ್ಪಡಿಯ ಮೇಲೆ ಲಾಂದ್ರ ಹಚ್ಚಿಟ್ಟರೆ ಒಳಗಿನ ಗಾಳಿ ಸೊನ್ನೆಗಿಂತ ಕೆಳಗೆ ಇಳಿಯದಂತೆ ಕಾಯುತ್ತದೆ. 20 ಗಂಟೆಯ ಎಣ್ಣೆ ಇರುವುದರಿಂದ ಬೆಳಗಿನ ಜಾವದ ಕೊರೆತಕ್ಕೂ ಆರುವುದಿಲ್ಲ. ಮೇಲಿನ ಕಿಂಡಿ ಒಂದಿಷ್ಟು ತೆರೆದಿರಲಿ, ಪ್ಲಾಸ್ಟಿಕ್ ಹೊದಿಕೆ ದೂರವಿರಲಿ. ಬತ್ತಿ ಹೊಗೆಯಾಡಿದರೆ ಎಥಿಲೀನ್ ಅನಿಲ ಹುಟ್ಟಿ ಟೊಮೆಟೊ ಎಲೆಗಳು ಜೋತುಬೀಳುತ್ತವೆ, ಹೂ ಉದುರುತ್ತದೆ. ಆದ್ದರಿಂದ ಬತ್ತಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಯ ಮೂಲೆಗಳನ್ನು ಮಾತ್ರ ತುಸು ಸವರಿ, ಜ್ವಾಲೆಯನ್ನು ತಗ್ಗಿಸಿಯೇ ಇಡಬೇಕು.

ಕೋಣೆ ಬೆಚ್ಚಗಾಗುವುದೇ? ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೇ 100 ವ್ಯಾಟ್‌ನಷ್ಟು ಶಾಖ ಹೊರಡುತ್ತದೆ. ಅಂದರೆ ಲಾಂದ್ರ ಹಚ್ಚುವುದೂ ಗುಡಿಸಲಿಗೆ ಇಬ್ಬರು ನೆಂಟರು ಬಂದು ಕೂರುವುದೂ ಸರಿಸುಮಾರು ಒಂದೇ. ಚಳಿಯ ಮೊನೆ ಮುರಿಯುತ್ತದೆ, ಕೈ ಕಾಯಿಸಿಕೊಳ್ಳಬಹುದು, ಅಷ್ಟೇ. 2022ರ ಶರತ್ಕಾಲದಲ್ಲಿ ಗ್ಯಾಸ್ ಅಭಾವದ ಭಯ ಹಬ್ಬಿದಾಗ ಇಲ್ಲಿ ಜನ ಮೇಣದಬತ್ತಿಯ ಮೇಲೆ ಹೂಕುಂಡ ಕವುಚಿ ಒಲೆ ಮಾಡಿಕೊಳ್ಳತೊಡಗಿದ್ದರು, ಅಗ್ನಿಶಾಮಕ ದಳಗಳು ಎಚ್ಚರಿಕೆ ಕೊಡಬೇಕಾಯಿತು. ಕುಂಡ ಕವುಚಿದರೆ ಜ್ವಾಲೆಯ ಶಾಖ ಹೆಚ್ಚುವುದಿಲ್ಲ, ಇದ್ದ ಶಾಖವೇ ಬೇರೆ ದಾರಿ ಹಿಡಿಯುತ್ತದೆ. ಲಾಂದ್ರಕ್ಕೂ ಇದೇ ನಿಯಮ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ನನ್ನ ಗುಡಿಸಲಿನಲ್ಲಿ ಅದನ್ನು ಪತ್ತೆಹಚ್ಚುವ ಅಲಾರಂ ಇದೆ, ಕಿಟಕಿ ಸದಾ ಒಂದು ಬೆರಳು ತೆರೆದಿರುತ್ತದೆ, ಕಣ್ಣು ಮುಚ್ಚುವ ಮುನ್ನ ದೀಪ ಆರಿರುತ್ತದೆ. ಗುಡಾರದೊಳಗೆ, ಕಾರಿನೊಳಗೆ ಇದನ್ನು ಹಚ್ಚಬೇಡಿ. ಕಿಟಕಿ ತೆರೆಯಲು ಇನ್ನೂ ಒಂದು ಕಾರಣವಿದೆ: ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹುಟ್ಟುತ್ತದೆ. ಮುಚ್ಚಿದ ಮರದ ಗುಡಿಸಲಿನ ಗೋಡೆಗೆ ಅದು ಬೂಷ್ಟು ತರುತ್ತದೆ.

ನಿಜಕ್ಕೂ ಬೇಯಿಸಲೇಬೇಕು ಎನ್ನುವವರು ಪೆಟ್ರೋಮ್ಯಾಕ್ಸ್ ಕಡೆ ನೋಡಬೇಕು. ಮದುವೆ ಮೆರವಣಿಗೆಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಸುಯ್ಯೆಂದು ಉರಿಯುತ್ತಿದ್ದ ನಮ್ಮ ಗ್ಯಾಸ್‌ಲೈಟು ಅದೇ. ಎಚ್‌ಕೆ 500 ಮಾದರಿ ಸುಮಾರು 8 ಗಂಟೆಯಲ್ಲಿ ಒಂದು ಲೀಟರ್ ಕುಡಿಯುತ್ತದೆ. ಲೆಕ್ಕ ಹಾಕಿದರೆ 1250 ವ್ಯಾಟ್, ನನ್ನ ಲಾಂದ್ರದ ಏಳು ಪಟ್ಟು. ಗಾಳಿ ಹೊಡೆಯುವುದು, ಬೂದಿಯಂತೆ ಉದುರುವ ಮ್ಯಾಂಟಲ್ (ಕಾದು ಬೆಳಗುವ ಬಲೆಯಂಥ ಚೀಲ) ಕಾಯುವುದು, ಆ ಸದ್ದು, ನನಗೆ ಸಂಜೆಯ ತೋಟದಲ್ಲಿ ಅವು ಬೇಡ. ಆದರೆ ದೀಪವೂ ಒಲೆಯೂ ಒಂದೇ ಆಗಬೇಕೆಂಬ ಯೋಚನೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ನಮ್ಮ ನೆರೆಯವರೇ. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅನಿಲ್ ರಾಜವಂಶಿ ಅವರ ತಂಡ ಮ್ಯಾಂಟಲ್ ದೀಪದ ಶಾಖದಿಂದಲೇ ಬಡ ಕುಟುಂಬದ ಅಡುಗೆಯೂ ಆಗುವ 'ಲ್ಯಾನ್‌ಸ್ಟೋವ್' ರೂಪಿಸಿತು. ಹೊಗೆಯ ಒಲೆಯೆದುರು ಕೆಮ್ಮುವ ಹೆಂಗಸರನ್ನು ಕಂಡವರಿಗೆ ಅದರ ಬೆಲೆ ಗೊತ್ತು. 1950ರ ದಶಕದ ಸೋವಿಯತ್ ಹಳ್ಳಿಗಳಲ್ಲಂತೂ ಸೀಮೆಎಣ್ಣೆ ದೀಪದ ಶಾಖವನ್ನು ವಿದ್ಯುತ್ತಾಗಿಸಿ ರೇಡಿಯೊ ಕೇಳುತ್ತಿದ್ದರು.

ಬಾಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ತೊಂದರೆಯೇ ಬಂದಿಲ್ಲ. ಸತು ಲೇಪದ ಮೈ ಕಳೆಗುಂದಿದೆ, ತುಕ್ಕು ಹಿಡಿದಿಲ್ಲ. ಹೊಸ ಬತ್ತಿ ಹಾಕಿದಾಗ ಕಾಲು ಗಂಟೆ ಎಣ್ಣೆ ಹೀರಲು ಬಿಟ್ಟು ಹಚ್ಚಿದರೆ ಬತ್ತಿ ವರ್ಷಗಟ್ಟಲೆ ಬರುತ್ತದೆ. ಇದಕ್ಕೂ ಮುಂಚೆ ಅಗ್ಗದ, ಹೆಸರಿಲ್ಲದ ಲಾಂದ್ರವೊಂದನ್ನು ತಂದಿದ್ದೆ; ಟ್ಯಾಂಕಿನ ಬೆಸುಗೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ಮೇಲೆ ಪಾತ್ರೆ ಇಟ್ಟು ಬಳಸುವ ದೀಪದಲ್ಲಿ ಇದು ಕ್ಷಮಿಸಲಾಗದ ದೋಷ. ಯಾವುದೇ ಲಾಂದ್ರ ಕೊಂಡರೂ ಎಣ್ಣೆ ತುಂಬಿ ಒಂದು ರಾತ್ರಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಎಣ್ಣೆಗೆ ಇಲ್ಲಿ ಸಂಸ್ಕರಿಸಿದ ದೀಪದ ಎಣ್ಣೆ ಸಿಗುತ್ತದೆ. ಸೀಮೆಎಣ್ಣೆಗಿಂತ ತುಟ್ಟಿ, ಆದರೆ ಆಹಾರಕ್ಕೆ ವಾಸನೆ ಹತ್ತುವುದಿಲ್ಲ. ಪೆಟ್ರೋಲ್ ಹನಿಯೂ ಸೋಕಬಾರದು. ಮಕ್ಕಳಿರುವ ಮನೆಯಲ್ಲಿ ಎಣ್ಣೆಯ ಬಾಟಲಿಗೆ ಬೀಗ ಹಾಕಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಅಪಾಯ.

ಊರಿಗೆ ಒಯ್ಯುವ ಯೋಚನೆ ಇದ್ದವರಿಗೆ: ಪಡಿತರದ ನೀಲಿ ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ದೀಪಕ್ಕೆಂದೇ ಸಂಸ್ಕರಿಸಿದ ಪ್ಯಾರಾಫಿನ್ ಎಣ್ಣೆ ನಿಮ್ಮ ಊರಿನಲ್ಲಿ ದೊರೆಯುವುದೇ ಎಂದು ಮೊದಲು ವಿಚಾರಿಸಿ. ಅಡುಗೆ ಎಣ್ಣೆ ಈ ಬತ್ತಿಯಲ್ಲಿ ಏರುವುದಿಲ್ಲ. ಒಮ್ಮೆ ಇಂಧನ ತುಂಬಿದ ಲಾಂದ್ರವನ್ನು ವಿಮಾನದಲ್ಲಿ ಬಿಡುವುದಿಲ್ಲ, ಎಷ್ಟು ತೊಳೆದರೂ ವಾಸನೆ ಹೇಳಿಕೊಡುತ್ತದೆ. ಪೆಟ್ಟಿಗೆ ತೆರೆಯದ ಹೊಸದನ್ನೇ ಕೊಂಡು, ಗಾಜನ್ನು ಹೊರತೆಗೆದು ಸೀರೆಯ ಮಡಿಕೆಗಳ ನಡುವೆ ಇಟ್ಟು, ಜೊತೆಗೆ ಎರಡು ಬತ್ತಿ ಹೆಚ್ಚಿಗೆ ಒಯ್ಯಿರಿ.