ಯೂನಿವರ್ಸಿಟಿ ಕರೆದಿದೆ ಅಂತ ನಂಬಿ ಕೂರಬೇಡಿ

ಅಮೆರಿಕದಲ್ಲಿ ಹನ್ನೊಂದನೇ, ಹನ್ನೆರಡನೇ ಗ್ರೇಡಿನ ಮಕ್ಕಳಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. 'ನೀನು ನಮ್ಮಲ್ಲಿಗೇ ಬರಬೇಕು' ಅಂತ ಯಾವುದಾದರೂ ಯೂನಿವರ್ಸಿಟಿಯಿಂದ ನಿಮ್ಮ ಮಗುವಿಗೆ ಪತ್ರ ಬಂದರೆ, ಅದಕ್ಕೆ 'ನಿನ್ನ ಅಪ್ಲಿಕೇಶನ್ ನಮಗೆ ಬೇಕು' ಎನ್ನುವುದಕ್ಕಿಂತ ಜಾಸ್ತಿ ಅರ್ಥ ಹಚ್ಚಬೇಡಿ. ಇದರಲ್ಲಿ ನಮ್ಮ ದುಡ್ಡು ಹೋಯಿತು, ಮಗಳ ಒಂದು ಸೆಮಿಸ್ಟರ್ ಹೋಯಿತು.

ಹೆಸರು ಹೇಳುವುದಿಲ್ಲ, ಕೇಳಬೇಡಿ. ಖಾಸಗಿ ಯೂನಿವರ್ಸಿಟಿ, ರ‍್ಯಾಂಕಿಂಗ್‌ನಲ್ಲಿ ಮೇಲೇರಲೇಬೇಕು ಅಂತ ಹಟ ಹಿಡಿದಿರುವಂಥದ್ದು. ಅಂಥವು ಬೇಕಾದಷ್ಟಿವೆ. ಒಂದರ ಹೆಸರು ತಿಳಿದುಕೊಂಡು ಉಳಿದವುಗಳ ಕೈಗೆ ಸಿಕ್ಕರೆ ಏನು ಪ್ರಯೋಜನ?

ಎಲ್ಲ ಶುರುವಾಗಿದ್ದು ಪಿಎಸ್‌ಎಟಿಯಿಂದ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಮೊದಲು ಬರೆಯುವ ಅಭ್ಯಾಸ ಪರೀಕ್ಷೆ ಅದು. ಕಾಲೇಜುಗಳಿಂದ ಮಾಹಿತಿ ಬೇಕಾ ಅಂತ ಅಲ್ಲಿ ಒಂದು ಪ್ರಶ್ನೆ ಇತ್ತು. ಮಗಳು ಹೌದು ಅಂದಳು. ತುಂಬ ಮಕ್ಕಳು ಹಾಗೇ ಅನ್ನುತ್ತಿದ್ದರು. ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಈ ಹೆಸರುಗಳನ್ನು ಯೂನಿವರ್ಸಿಟಿಗಳಿಗೆ ಪುಕ್ಕಟೆ ಕೊಡುತ್ತಿರಲಿಲ್ಲ. 2019ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆದಂತೆ ಆಗ ಒಂದು ಹೆಸರಿನ ಬೆಲೆ 47 ಸೆಂಟ್. ಶಾಲೆಯಲ್ಲೇ ನಡೆಸಿದ ಪರೀಕ್ಷೆಗಳ ಮೂಲಕ ಮಕ್ಕಳ ಮಾಹಿತಿ ಪಡೆದು ಮಾರಿದ್ದಕ್ಕೆ 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯ ಕಾಲೇಜ್ ಬೋರ್ಡ್‌ನಿಂದ ಏಳೂವರೆ ಲಕ್ಷ ಡಾಲರ್ ಕಟ್ಟಿಸಿಕೊಂಡಿತು.

ಹೀಗೆ ಹೆಸರು ಕೊಂಡವರಿಂದ ನಮ್ಮ ಮನೆಗೆ ಬಂದ ಕಾಗದಗಳು ಎಂಥವು ಅಂತೀರಿ! ದಪ್ಪ ಹಾಳೆ, ಬಣ್ಣದ ಚಿತ್ರ, ಮಗಳ ಹೆಸರು ದೊಡ್ಡ ಅಕ್ಷರದಲ್ಲಿ. ಆಮೇಲೆ ಇಮೇಲ್‌ಗಳು. 'ನಿನ್ನ ಸಾಧನೆ ನಮ್ಮ ಗಮನ ಸೆಳೆದಿದೆ.' 'ನಿನಗಾಗಿ ವಿಶೇಷ ಅಪ್ಲಿಕೇಶನ್ ಸಿದ್ಧವಿದೆ.' ಲಿಂಕ್ ಒತ್ತಿದರೆ ಹೆಸರು, ವಿಳಾಸ, ಶಾಲೆ ಎಲ್ಲ ಮೊದಲೇ ತುಂಬಿತ್ತು. ಪ್ರಬಂಧ ಬರೆಯಬೇಕಿಲ್ಲ. 75 ಡಾಲರ್ ಶುಲ್ಕ ಮನ್ನಾ. ಗಡುವು ಮುಗಿದ ಮಾರನೇ ದಿನ ಇನ್ನೊಂದು ಇಮೇಲ್: 'ನಿನಗೆ ಮಾತ್ರ ಗಡುವು ಮುಂದಕ್ಕೆ ಹಾಕಿದ್ದೇವೆ.'

"ಅಪ್ಪ, ಇವರಿಗೆ ನಾನು ನಿಜವಾಗಲೂ ಬೇಕು ಅನ್ನಿಸುತ್ತೆ," ಅಂದಳು ಮಗಳು. ಹದಿನೇಳು ವರ್ಷದ ಹುಡುಗಿಗೆ ಹಾಗೆ ಅನ್ನಿಸಲೇಬೇಕು, ಆ ಪತ್ರ ಬರೆಸುವುದೇ ಅದಕ್ಕೆ. ಆಮೇಲೆ ನೋಡಿದರೆ ಅವಳ ಕ್ಲಾಸಿನ ಅರ್ಧ ಮಕ್ಕಳಿಗೆ 'ನಿನಗೆ ಮಾತ್ರ' ಗಡುವು ಮುಂದೆ ಹೋಗಿತ್ತು. ಅದರಲ್ಲಿ ಒಬ್ಬ ಹುಡುಗನ ಅಂಕ ಆ ಯೂನಿವರ್ಸಿಟಿಗೆ ಸೇರುವವರ ಅಂಕದ ಹತ್ತಿರಕ್ಕೂ ಸುಳಿಯುವಂಥದ್ದಲ್ಲ. ಅವನನ್ನೂ ಕರೆದರು. ನಾಲ್ಕು ತಿಂಗಳಾದ ಮೇಲೆ ಬೇಡ ಅಂದರು.

ಯಾಕೆ ಹೀಗೆ ಕರೆಯುತ್ತಾರೆ? ಲೆಕ್ಕ ಸುಲಭ. ಒಂದು ಯೂನಿವರ್ಸಿಟಿಯಲ್ಲಿ 2,000 ಸೀಟು ಇದೆ ಅಂದುಕೊಳ್ಳಿ. ಸೀಟು ಕೊಟ್ಟವರಲ್ಲಿ ಅರ್ಧ ಜನ ಬರುತ್ತಾರೆ, ಹಾಗಾಗಿ 4,000 ಮಕ್ಕಳಿಗೆ ಸೀಟು ಕೊಡಬೇಕು. ಅಪ್ಲಿಕೇಶನ್ 10,000 ಬಂದಿದ್ದರೆ ನೂರಕ್ಕೆ 40 ಮಂದಿಗೆ ಪ್ರವೇಶ. ಅದೇ 40,000 ಬಂದರೆ ನೂರಕ್ಕೆ 10. ಪಾಠ ಮಾಡುವ ಮೇಷ್ಟ್ರು ಅವರೇ, ಲ್ಯಾಬ್ ಅದೇ, ಲೈಬ್ರರಿ ಅದೇ. ಆದರೆ 'ನೂರಕ್ಕೆ ಹತ್ತೇ ಜನಕ್ಕೆ ಸೀಟು' ಅಂದ ಕೂಡಲೇ ನಮ್ಮ ಕಣ್ಣು ಅಗಲವಾಗುತ್ತದೆ ಅಲ್ವಾ? ಮುಂದಿನ ವರ್ಷ ಕರೆಯದೇ ಇದ್ದವರೂ ಅರ್ಜಿ ಹಾಕುತ್ತಾರೆ. 30,000 ಹೆಸರಿಗೆ 47 ಸೆಂಟಿನಂತೆ ಲೆಕ್ಕ ಹಾಕಿ, 14,100 ಡಾಲರ್. ಅಂಚೆ ಖರ್ಚು ಸೇರಿಸಿದರೂ ಒಂದು ಹೊಸ ಲ್ಯಾಬ್ ಕಟ್ಟಿಸುವುದಕ್ಕಿಂತ ಎಷ್ಟೋ ಅಗ್ಗ.

ತಮಾಷೆ ಏನೆಂದರೆ, 1983ರಿಂದ ರ‍್ಯಾಂಕಿಂಗ್ ಪ್ರಕಟಿಸುತ್ತಿರುವ ಯುಎಸ್ ನ್ಯೂಸ್ ಸಂಸ್ಥೆ ಈ ಪ್ರವೇಶದ ಪ್ರಮಾಣವನ್ನು 2018ರಲ್ಲೇ ತನ್ನ ಲೆಕ್ಕದಿಂದ ತೆಗೆದುಹಾಕಿತು. ಸೀಟು ಸಿಕ್ಕವರಲ್ಲಿ ಎಷ್ಟು ಜನ ಸೇರಿದರು ಎನ್ನುವ ಅಂಕಿಯನ್ನು ಅದಕ್ಕೂ ಮೊದಲು, 2003ರಲ್ಲಿ ಕೈಬಿಟ್ಟಿತ್ತು. ಆದರೂ ಯೂನಿವರ್ಸಿಟಿಗಳ ಚಟ ಹೋಗಿಲ್ಲ. ಆ ರ‍್ಯಾಂಕಿಂಗ್‌ನಲ್ಲಿ ಐದನೇ ಒಂದು ಭಾಗ ಬೇರೆ ಯೂನಿವರ್ಸಿಟಿಗಳ ಅಧ್ಯಕ್ಷರು, ಡೀನ್‌ಗಳು ಕೊಡುವ ಅಭಿಪ್ರಾಯದ ಮೇಲೆ ನಿಂತಿದೆ. ಸೀಟು ಸಿಗುವುದು ಕಷ್ಟ ಎಂಬ ಸುದ್ದಿ ಅವರ ಕಿವಿಗೂ ಬೀಳುತ್ತದೆ. ಯೂನಿವರ್ಸಿಟಿಗೆ ಸಾಲ ಕೊಡಬಹುದೇ ಅಂತ ಅಳೆಯುವ ಮೂಡೀಸ್‌ನಂಥ ಸಂಸ್ಥೆಗಳೂ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನ ಸೇರಿದರು ಎನ್ನುವುದನ್ನು ಗಮನಿಸುತ್ತವೆ. ಇನ್ನು ನಾವು, ಅಂದರೆ ಅಪ್ಪ ಅಮ್ಮಂದಿರು, ಅದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ.

ನಮ್ಮ ಕಥೆಗೆ ಬರುತ್ತೇನೆ. ಅಪ್ಲಿಕೇಶನ್ ಹಾಕಿದ ಮೇಲೆ ಡಿಸೆಂಬರ್‌ನಲ್ಲಿ ಹೊಸ ರಾಗ ಶುರುವಾಯಿತು. 'ನಿನ್ನ ಅರ್ಜಿಯನ್ನು ಅರ್ಲಿ ಡಿಸಿಷನ್ ಎರಡನೇ ಸುತ್ತಿಗೆ ಬದಲಿಸಿಕೋ.' ಹಾಗೆ ಬದಲಿಸಿದರೆ, ಸೀಟು ಕೊಟ್ಟಾಗ ಸೇರಲೇಬೇಕು, ಉಳಿದ ಕಡೆಯ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಅವರಿಗೆ ಇದರಿಂದ ಲಾಭ ನೇರ. ಕೊಟ್ಟ ಸೀಟು ಕೊಟ್ಟಂತೆಯೇ ತುಂಬುತ್ತದೆ, ಕಡಿಮೆ ಮಕ್ಕಳಿಗೆ ಸೀಟು ಕೊಟ್ಟರೆ ಸಾಕು. ನಮಗೆ ಮಾತ್ರ ಬೇರೆ ಕಡೆ ಎಷ್ಟು ಸ್ಕಾಲರ್‌ಶಿಪ್ ಬರುತ್ತಿತ್ತು ಅಂತ ಹೋಲಿಸಿ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಬದಲಿಸಲಿಲ್ಲ. ಮಾರ್ಚ್ ಕೊನೆಯಲ್ಲಿ ಉತ್ತರ ಬಂತು: ವೇಟ್‌ಲಿಸ್ಟ್, ಅಂದರೆ ಸೀಟು ಖಾಲಿಯಾದರೆ ಕರೆಯುವವರ ಪಟ್ಟಿ.

ಮೇ 1ರೊಳಗೆ ಎಲ್ಲಾದರೂ ಒಂದು ಕಡೆ ಡೆಪಾಸಿಟ್ ಕಟ್ಟಬೇಕು. ರಾಜ್ಯದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಸ್ವಲ್ಪ ಸ್ಕಾಲರ್‌ಶಿಪ್ಪೂ ಇತ್ತು. ಅಲ್ಲಿ ಕಟ್ಟಿದೆವು. ಜೂನ್‌ನಲ್ಲಿ ಒಂದು ಮಧ್ಯಾಹ್ನ ಮಗಳಿಗೆ ಫೋನ್. ಅಡ್ಮಿಷನ್ ಆಫೀಸಿನಿಂದ, ಬಹಳ ಆತ್ಮೀಯವಾದ ದನಿ. "ನಿನಗೆ ಸೀಟು ಕೊಟ್ಟರೆ ಬರ್ತೀಯಾ?" ಗಮನಿಸಿ, ಸೀಟು ಕೊಟ್ಟಿದ್ದೇವೆ ಅನ್ನಲಿಲ್ಲ. ಕೊಟ್ಟರೆ ಬರುತ್ತೀಯಾ ಅಂದರು. ಬರುವುದಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯಿತು. ಸೀಟು ಕೊಟ್ಟು ಬೇಡ ಅನ್ನಿಸಿಕೊಂಡರು ಎಂಬ ಲೆಕ್ಕ ಅವರ ಪುಸ್ತಕದಲ್ಲಿ ಇರುವುದಿಲ್ಲ. ಮಗಳು ಕುಣಿದುಕೊಂಡು ಹೌದು ಅಂದಳು. ಆಮೇಲೆ ಇಮೇಲ್ ಬಂತು. ಸೀಟು ಇದೆ, ಆದರೆ ಆಗಸ್ಟ್‌ಗೆ ಅಲ್ಲ, ಜನವರಿಗೆ. ಉತ್ತರಕ್ಕೆ ಒಂದು ದಿನ ಸಮಯ.

ಈ ಜನವರಿ ಸೀಟಿನ ಒಳಗುಟ್ಟು ಎಲ್ಲರೂ ತಿಳಿದುಕೊಳ್ಳಬೇಕು. ಯೂನಿವರ್ಸಿಟಿಗಳು ಪ್ರಕಟಿಸುವ ಮೊದಲ ವರ್ಷದ ಮಕ್ಕಳ ಅಂಕಿಗಳು, ಅಂದರೆ ಸರಾಸರಿ ಎಸ್‌ಎಟಿ, ಹೈಸ್ಕೂಲ್ ದರ್ಜೆ, ಪ್ರವೇಶದ ಪ್ರಮಾಣ ಎಲ್ಲವೂ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸೇರಿದವರ ಲೆಕ್ಕ. ಜನವರಿಯಲ್ಲಿ ಬಂದವರು ಆ ಲೆಕ್ಕದ ಹೊರಗೆ. ಅವರ ಎಸ್‌ಎಟಿ ಸ್ವಲ್ಪ ಕಡಿಮೆ ಇದ್ದರೂ ಸರಾಸರಿಗೆ ಏಟು ಬೀಳುವುದಿಲ್ಲ. ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗಿ ಬರುವವರದ್ದೂ ಅಷ್ಟೇ. ಫೀಸು ಮಾತ್ರ ಪೂರ್ತಿ ಬರುತ್ತದೆ. ಮದುವೆ ಮನೆಯಲ್ಲಿ ಫೋಟೋ ಎಲ್ಲ ತೆಗೆದು ಮುಗಿದ ಮೇಲೆ ಊಟಕ್ಕೆ ಮಾತ್ರ ಕರೆದ ಹಾಗೆ, ಅದೂ ಎಲೆಗೆ ದುಡ್ಡು ಕಟ್ಟಿಸಿಕೊಂಡು.

ಒಂದು ದಿನದ ಗಡುವಿನಲ್ಲಿ ಏನು ವಿಚಾರಿಸಲು ಸಾಧ್ಯ? ಫೋನ್ ಮಾಡಿ ಕೇಳಿದೆ. ರೂಮು ಸಿಗುತ್ತಾ? ಸಿಗುತ್ತೆ. ಸ್ಕಾಲರ್‌ಶಿಪ್? ಜನವರಿಯಲ್ಲಿ ಪರಿಶೀಲಿಸುತ್ತೇವೆ. ಕೆಮಿಸ್ಟ್ರಿ ಕೋರ್ಸುಗಳು? ಏನೂ ತೊಂದರೆ ಇಲ್ಲ. ಡೆಪಾಸಿಟ್ ಕಟ್ಟಿದೆವು. ರಾಜ್ಯದ ಯೂನಿವರ್ಸಿಟಿಗೆ ಕಟ್ಟಿದ್ದ ಡೆಪಾಸಿಟ್ ಹೋಯಿತು, ಅಲ್ಲಿಯ ಸ್ಕಾಲರ್‌ಶಿಪ್ಪೂ ಹೋಯಿತು.

ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮಗಳು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸು ತೆಗೆದುಕೊಂಡಳು. ಅದರಲ್ಲಿ ಗಣಿತದ ಕ್ರೆಡಿಟ್ ಒಪ್ಪಿದರು, ಉಳಿದದ್ದನ್ನು ಒಪ್ಪಲಿಲ್ಲ. ಜನವರಿಯಲ್ಲಿ ಹೋದಾಗ ಅವಳ ವಿಭಾಗದ ಮೊದಲ ಕೆಮಿಸ್ಟ್ರಿ ಕೋರ್ಸು ಆಗಸ್ಟ್‌ನಲ್ಲಿ ಮಾತ್ರ ಶುರುವಾಗುತ್ತದೆ ಅಂತ ಗೊತ್ತಾಯಿತು. ಅದಿಲ್ಲದೆ ಎರಡನೆಯದಕ್ಕೆ ಕೂರುವಂತಿಲ್ಲ. ಅಲ್ಲಿಗೆ ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ. ಸ್ಕಾಲರ್‌ಶಿಪ್ ದುಡ್ಡು ಆಗಸ್ಟ್ ಬ್ಯಾಚಿಗೇ ಹಂಚಿ ಮುಗಿದಿತ್ತು. ಹೇಗೂ ಅಂಕಿಯಲ್ಲಿ ಕಾಣದ ಮಗುವಿಗೆ ದುಡ್ಡು ಕೊಟ್ಟು ಕರೆಯುವ ಅಗತ್ಯ ಅವರಿಗೇನಿದೆ? ಮೇಷ್ಟ್ರುಗಳು ಒಳ್ಳೆಯವರೇ, ಮಗಳು ಚೆನ್ನಾಗಿಯೇ ಓದುತ್ತಿದ್ದಾಳೆ. ಸಿಟ್ಟಿರುವುದು ಅಡ್ಮಿಷನ್ ಆಫೀಸಿನ ಮೇಲೆ.

ಇದೆಲ್ಲ ಕಾನೂನಿನ ಒಳಗಿನ ಆಟ. ಇದಕ್ಕಿಂತ ಮುಂದೆ ಹೋದವರೂ ಇದ್ದಾರೆ. 2008ರಲ್ಲಿ ಬೇಲರ್ ಯೂನಿವರ್ಸಿಟಿ, ಆಗಲೇ ಪ್ರವೇಶ ಸಿಕ್ಕ ಮಕ್ಕಳಿಗೆ ಮತ್ತೆ ಎಸ್‌ಎಟಿ ಬರೆಯಿರಿ ಅಂತ ಹೇಳಿ ಪುಸ್ತಕದಂಗಡಿಯಲ್ಲಿ ಖರ್ಚು ಮಾಡಲು 300 ಡಾಲರ್ ಕೊಟ್ಟಿತು. ಸೀಟು ಸಿಕ್ಕಾದ ಮೇಲೆ ಮತ್ತೆ ಪರೀಕ್ಷೆ ಯಾಕೆ ಅಂತ ಜನ ಕೇಳಿದ ಮೇಲೆ ನಿಲ್ಲಿಸಿತು. 2012ರಲ್ಲಿ ಕ್ಲೇರ್‌ಮಾಂಟ್ ಮೆಕೆನ್ನಾ ಕಾಲೇಜು, ಎಮೊರಿ ಯೂನಿವರ್ಸಿಟಿ ಎರಡೂ ರ‍್ಯಾಂಕಿಂಗ್ ಮಾಡುವವರಿಗೆ ವರ್ಷಗಟ್ಟಲೆ ತಪ್ಪು ಅಂಕಿ ಕಳಿಸಿದ್ದನ್ನು ಒಪ್ಪಿಕೊಂಡವು. ಟೆಂಪಲ್ ಯೂನಿವರ್ಸಿಟಿಯ ಬಿಸಿನೆಸ್ ಸ್ಕೂಲಿನದು ಇನ್ನೂ ಘೋರ. ಆನ್‌ಲೈನ್ ಎಂಬಿಎಗೆ ಸೇರಿದ 255 ಮಂದಿಯೂ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೊಟ್ಟಿದ್ದಾರೆ ಅಂತ ಬರೆದು ಕಳಿಸಿದರು, ಕೊಟ್ಟಿದ್ದವರು 50 ಜನ. ಹೀಗೆ ಹಲವು ವರ್ಷ ಮೊದಲ ಸ್ಥಾನದಲ್ಲಿ ಕೂತರು. ಅಲ್ಲಿನ ಡೀನ್ ಆಗಿದ್ದ ಮೋಶೆ ಪೊರಾಟ್‌ಗೆ 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು.

ಅದೇ ವರ್ಷ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಗಣಿತದ ಪ್ರೊಫೆಸರ್ ಮೈಕಲ್ ಥಡಿಯಸ್ ತಮ್ಮದೇ ಯೂನಿವರ್ಸಿಟಿಯ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಇವು ತಾಳೆಯಾಗುವುದಿಲ್ಲ ಅಂತ ಬರೆದರು. ಟ್ರಾನ್ಸ್‌ಫರ್ ಆಗಿ ಬಂದ ಮಕ್ಕಳು ಪದವಿ ಪ್ರಮಾಣದ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ ಎನ್ನುವುದನ್ನೂ ಎತ್ತಿ ತೋರಿಸಿದರು. ಯುಎಸ್ ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಕೊಲಂಬಿಯಾ ಸೆಪ್ಟೆಂಬರ್‌ನಲ್ಲಿ 18ಕ್ಕೆ ಇಳಿಯಿತು. ಆ ಮನುಷ್ಯನ ಧೈರ್ಯಕ್ಕೆ ಒಂದು ನಮಸ್ಕಾರ.

ಈಗ ಕೆಲಸಕ್ಕೆ ಬರುವ ಮಾತು. ಯೂನಿವರ್ಸಿಟಿಯ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಅಂತ ಹುಡುಕಿ. ಯೂನಿವರ್ಸಿಟಿಗಳು ಒಂದೇ ನಮೂನೆಯಲ್ಲಿ ತಮ್ಮ ಅಂಕಿಗಳನ್ನು ಕೊಡುವ ದಾಖಲೆ ಅದು, ಹೆಚ್ಚಿನವರು ಪ್ರತಿ ವರ್ಷ ಹಾಕುತ್ತಾರೆ. ಅದರಲ್ಲಿ ಸಿ ವಿಭಾಗ ಓದಿದರೆ ಬಣ್ಣದ ಕಾಗದ ಹೇಳದ್ದೆಲ್ಲ ಸಿಗುತ್ತದೆ. ಸಿ2ರಲ್ಲಿ ವೇಟ್‌ಲಿಸ್ಟ್‌ಗೆ ಎಷ್ಟು ಜನರನ್ನು ಹಾಕಿದರು, ಅದರಿಂದ ಎಷ್ಟು ಜನರನ್ನು ತೆಗೆದುಕೊಂಡರು ಅಂತ ಇರುತ್ತದೆ. ಸಾವಿರಾರು ಮಕ್ಕಳನ್ನು ಕೂರಿಸಿ ಬೆರಳೆಣಿಕೆಯಷ್ಟು ಜನರನ್ನು ಕರೆದಿದ್ದರೆ ಆ ಪಟ್ಟಿಯ ಆಸೆ ಬಿಡಿ. ಸಿ7ರಲ್ಲಿ 'ಅರ್ಜಿದಾರರ ಆಸಕ್ತಿ' ಎಂಬ ಸಾಲು ನೋಡಿ. ಅದಕ್ಕೆ ಬೆಲೆ ಕೊಡುತ್ತೇವೆ ಅಂತ ಗುರುತು ಹಾಕಿದ್ದರೆ, ನಿಮ್ಮ ಮಗು ಇಮೇಲ್ ತೆರೆಯಿತೇ, ಕ್ಯಾಂಪಸ್ ನೋಡಲು ಬಂತೇ ಎನ್ನುವುದೂ ಲೆಕ್ಕಕ್ಕೆ ಬರಬಹುದು. ಬೇರೆ ಕಡೆ ಹೋಗಿಬಿಡುತ್ತಾರೆ ಅನ್ನಿಸಿದ ಜಾಣ ಮಕ್ಕಳನ್ನು ವೇಟ್‌ಲಿಸ್ಟ್‌ಗೆ ತಳ್ಳುವುದೂ ಉಂಟು. ಸಿ9ರಲ್ಲಿ ಎಸ್‌ಎಟಿ ಅಂಕಗಳನ್ನು ನೋಡಿ ಹೆದರುವ ಮೊದಲು, ನೂರಕ್ಕೆ ಎಷ್ಟು ಜನ ಅಂಕ ಕೊಟ್ಟಿದ್ದಾರೆ ಅಂತ ನೋಡಿ. ಅಂಕ ಕೊಡುವುದು ಕಡ್ಡಾಯವಲ್ಲದ ಕಡೆ ಕಡಿಮೆ ಬಂದವರು ಸುಮ್ನೆ ಇದ್ದುಬಿಡುತ್ತಾರೆ, ಸರಾಸರಿ ತಾನಾಗಿಯೇ ಏರುತ್ತದೆ. ಸಿ21ರಲ್ಲಿ ಅರ್ಲಿ ಡಿಸಿಷನ್‌ನಲ್ಲಿ ಎಷ್ಟು ಸೀಟು ಹೋಯಿತು ಅಂತ ಇದೆ. ಅರ್ಧ ಸೀಟು ಅಲ್ಲೇ ಮುಗಿದಿದ್ದರೆ ಉಳಿದವರಿಗೆ ಜಾಗ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಶುಲ್ಕ ಮನ್ನಾ ಅಂದರೂ ಉಳಿದ ಖರ್ಚು ಇದ್ದೇ ಇರುತ್ತದೆ. ಕೆಲವು ಖಾಸಗಿ ಯೂನಿವರ್ಸಿಟಿಗಳು ಕೇಳುವ ಹಣಕಾಸು ನೆರವಿನ ಅರ್ಜಿ, ಅಂಕಪಟ್ಟಿ ಕಳಿಸುವುದು ಇವಕ್ಕೆ ಬೇರೆ ಬೇರೆ ದುಡ್ಡು ಬೀಳಬಹುದು. ಮಗಳಿಗೆ ಅದಕ್ಕಿಂತ ಜಾಸ್ತಿ ಹೊರೆಯಾಗಿದ್ದು ಕಾಯುವುದು. ಮಾರ್ಚ್‌ನಿಂದ ಜೂನ್‌ವರೆಗೆ ಹುಡುಗಿ ಫೋನ್ ಕೆಳಗಿಡಲಿಲ್ಲ.

ಜನವರಿ ಸೀಟು ಬಂದರೆ ಡೆಪಾಸಿಟ್ ಕಟ್ಟುವ ಮೊದಲೇ ನಾಲ್ಕು ಪ್ರಶ್ನೆ ಇಮೇಲ್‌ನಲ್ಲಿ ಕಳಿಸಿ. ಮೊದಲ ದಿನದಿಂದ ಕ್ಯಾಂಪಸ್ಸಿನಲ್ಲಿ ರೂಮು ಖಾತ್ರಿಯೇ? ಆಗಸ್ಟ್ ಬ್ಯಾಚಿಗೆ ಕೊಡುವ ಸ್ಕಾಲರ್‌ಶಿಪ್ಪೇ ಜನವರಿಗೂ ಇದೆಯೇ? ಈ ವಿಭಾಗದ ಮೊದಲ ಕೋರ್ಸುಗಳು ಜನವರಿಯಲ್ಲಿ ಶುರುವಾಗುತ್ತವೆಯೇ? ಬೇರೆ ಕಾಲೇಜಿನ ಯಾವ ಕ್ರೆಡಿಟ್ ಒಪ್ಪುತ್ತೀರಿ? ಉತ್ತರ ಬರುವವರೆಗೆ ಗಡುವು ಮುಂದಕ್ಕೆ ಹಾಕಿ ಅಂತ ಅದೇ ಇಮೇಲ್‌ನಲ್ಲಿ ಕೇಳಿ, ಮೊದಲು ಕಟ್ಟಿರುವ ಸೀಟನ್ನು ಅಲ್ಲಿಯವರೆಗೆ ಬಿಡಬೇಡಿ. ನಮಗೆ ಫೋನ್‌ನಲ್ಲಿ 'ಸಿಗುತ್ತೆ' ಅಂದಿದ್ದ ರೂಮು, ಡೆಪಾಸಿಟ್ ಕಟ್ಟಿದ ಮೇಲೆ ಬಂದ ಇಮೇಲ್‌ನಲ್ಲಿ 'ಖಾಲಿ ಇದ್ದರೆ' ಅಂತ ಆಗಿತ್ತು. ಜನವರಿಯಲ್ಲಿ ಖಾಲಿ ಇರಲಿಲ್ಲ.